ಅತಿಯಾಗಿ ಬೆಳೆದ ಕತ್ತಾಳೆಯನ್ನು ಕಿತ್ತು, ಅದೇ ಒಣಮಡಿಯಲ್ಲಿ (ಕಡಿಮೆ ನೀರು ಬೇಡುವ ಗಿಡಗಳ ಪಾತಿಯಲ್ಲಿ) ಹೊಸ ಗಿಡಗಳನ್ನು ನೆಡುವುದು ಹೇಗೆ?

ಮೊದಲು ಕಾಪಾಡಿಕೊಳ್ಳಬೇಕಾದದ್ದು ಕಣ್ಣು ಮತ್ತು ಚರ್ಮವನ್ನು. ಕತ್ತಾಳೆಯ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಅವು ತಗುಲಿದರೆ ಉರಿ, ತುರಿಕೆ, ಗುಳ್ಳೆಗಳು ಉಂಟಾಗಬಹುದು. ಆದ್ದರಿಂದ ದಪ್ಪ ಕೈಗವಸು, ತುಂಬುತೋಳಿನ ಅಂಗಿ ಮತ್ತು ರಕ್ಷಣಾ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಯಂತ್ರದ ಗರಗಸ ರಸವನ್ನು ಎಲ್ಲೆಡೆ ಸಿಡಿಸುವುದರಿಂದ ಕೈಗರಗಸವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲೆಗಳ ತುದಿಯ ಮುಳ್ಳುಗಳನ್ನು ಮೊದಲು ಕತ್ತರಿಸಿ, ಹೊರಸುತ್ತಿನಿಂದ ಒಂದೊಂದೇ ಎಲೆಯನ್ನು ಬುಡದಲ್ಲಿ ಕೊಯ್ದು ತೆಗೆದ ಮೇಲೆ, ಉಳಿದ ದಿಂಡಿನ ಸುತ್ತ ಅಗೆದು ಹಾರೆಯಿಂದ ಮೀಟಿ ಎಬ್ಬಿಸಿ. ನೆಲದಡಿ ಹರಡಿದ ಕಾಂಡದ ತುಂಡುಗಳು ಉಳಿದರೆ ಮರಿಗಳು ಮತ್ತೆ ಏಳುತ್ತವೆಯಾದ್ದರಿಂದ ಕೆಲವು ತಿಂಗಳು ಗಮನಿಸುತ್ತಿರಬೇಕು.

ಮರಳಿ ನೆಡುವಾಗ ಗೊಬ್ಬರಕ್ಕಿಂತ ನೀರು ಬಸಿದುಹೋಗುವುದೇ ಮುಖ್ಯ. ಮಣ್ಣು ಜಿಗುಟಾಗಿದ್ದರೆ ದಪ್ಪ ಮರಳು ಮತ್ತು ಸಣ್ಣ ಜಲ್ಲಿಯನ್ನು ಧಾರಾಳವಾಗಿ ಬೆರೆಸಿ, ಮಡಿಯನ್ನು 20ರಿಂದ 30 ಸೆಂಟಿಮೀಟರ್ ಎತ್ತರಿಸಿ. ಹಳೆಯ ಗಿಡದ ಮರಿಗಳನ್ನೇ ನೆಡುವುದಾದರೆ, ಕೊಯ್ದ ಗಾಯ ಒಣಗುವಂತೆ ನಾಲ್ಕೈದು ದಿನ ನೆರಳಿನಲ್ಲಿಟ್ಟು ನೆಡಿ; ನೀರನ್ನು ಒಂದು ವಾರದ ನಂತರ ಕೊಟ್ಟರೆ ಸಾಕು. ಅಂತರವನ್ನು ಮರಿಯ ಈಗಿನ ಗಾತ್ರ ನೋಡಿ ನಿರ್ಧರಿಸಬೇಡಿ, ಏಕೆಂದರೆ ದೊಡ್ಡ ಜಾತಿಯ ಕತ್ತಾಳೆ 3 ಮೀಟರಿನಷ್ಟು ಅಗಲಕ್ಕೂ ಹರಡಬಲ್ಲದು. ಚಿಕ್ಕ ಮಡಿಗೆ ಲೋಳೆಸರವೇ ಸೂಕ್ತ.