ಸ್ಕೌಟ್ ದಳದ ಸಂದೇಹಗಳು: ಸೀಟಿ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಜೂನ್‌ನಿಂದ ಸ್ಕೌಟ್ ದಳ ನಡೆಯುತ್ತಿದೆ. 28 ಹುಡುಗರು, ನಾಲ್ಕು ಪೆಟ್ರೋಲ್. ಲೀಡರ್‌ಗಳು ಸಾಲಿನ ಮುಂದೆ ನಿಲ್ಲುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಸೀಟಿ ಊದುವುದರಿಂದ ಹಿಡಿದು ಹಗ್ಗ ಎಣಿಸಿ ಪೆಟ್ಟಿಗೆಗೆ ಹಾಕುವವರೆಗೆ ಎಲ್ಲ ನನ್ನ ತಲೆಗೇ ಬಂದಿದೆ. ಏನು ಮಾಡಲಿ?
— ಶಿಕ್ಷಕರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು ಪೆಟ್ರೋಲ್ ಹೇಗೆ ಮಾಡಿದಿರಿ ನೋಡಿ. (ಬಂಕಿನ ಪೆಟ್ರೋಲ್ ಅಲ್ಲ, ಆರರಿಂದ ಎಂಟು ಮಕ್ಕಳ ಪುಟ್ಟ ತಂಡಕ್ಕೆ ಸ್ಕೌಟ್‌ನಲ್ಲಿ ಆ ಹೆಸರು.) ಏಳೇಳರ ನಾಲ್ಕು ತಂಡ ಸರಿಯಾಗೇ ಇದೆ. ಆದರೆ ಎಂಟನೇ ತರಗತಿಯವರು ಒಂದು ಕಡೆ, ಒಂಬತ್ತನೆಯವರು ಇನ್ನೊಂದು ಕಡೆ ಎಂದು ವಿಂಗಡಿಸಿದ್ದರೆ ಕಲಿಸುವವರೂ ಕಲಿಯುವವರೂ ಬೇರೆಬೇರೆ ಸಾಲಿನಲ್ಲಿ ಕೂತಂತಾಯಿತು. ಪ್ರತಿ ಪೆಟ್ರೋಲ್‌ನಲ್ಲೂ ದೊಡ್ಡವರು ಇಬ್ಬರು, ನಡುವಿನವರು ಇಬ್ಬರು ಮೂವರು, ಹೊಸಬರು ಇಬ್ಬರು ಇರಲಿ. ಒಂದು ಸಲ ಮಾಡಿದ ತಂಡವನ್ನು ವರ್ಷದ ನಡುವೆ ಕಲಸಬೇಡಿ.

ಲೀಡರ್ ಆಯ್ಕೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಹೆಚ್ಚು ಅಂಕ ತೆಗೆಯುವವನನ್ನೋ ಎತ್ತರದವನನ್ನೋ ನಿಲ್ಲಿಸಿಬಿಡುವುದು. ಆ ಏಳು ಹುಡುಗರನ್ನೇ ಕೇಳಿ, ಆಮೇಲೆ ನೀವು ನೇಮಿಸಿ. ತನ್ನ ಸೆಕೆಂಡ್ (ಉಪನಾಯಕ) ಯಾರೆಂದು ಲೀಡರ್ ತಾನೇ ಹೇಳಲಿ. ಉಳಿದ ಐವರಿಗೂ ಒಂದೊಂದು ಹೊಣೆ ಇರಬೇಕು: ಹಗ್ಗ, ಕೋಲು, ಬಕೆಟ್ಟಿನ ಲೆಕ್ಕ ಒಬ್ಬನಿಗೆ, ಹಾಜರಿ ಮತ್ತು ವರದಿ ಪುಸ್ತಕ ಒಬ್ಬನಿಗೆ, ವಂತಿಗೆ ಹಣ ಒಬ್ಬನಿಗೆ, ಪ್ರಥಮ ಚಿಕಿತ್ಸೆ ಡಬ್ಬಿ ಒಬ್ಬನಿಗೆ, ಅಡುಗೆ ಸಾಮಾನು ಒಬ್ಬನಿಗೆ. ಪ್ರತಿ ಪೆಟ್ರೋಲ್‌ಗೂ ಅದರದೇ ಪೆಟ್ಟಿಗೆ ಕೊಡಿ. ನಾಲ್ಕಕ್ಕೂ ಸೇರಿ ಒಂದೇ ಪೆಟ್ಟಿಗೆ ಇದ್ದರೆ ಹಗ್ಗ ಕಳೆದಾಗ ಯಾರದೂ ತಪ್ಪಿರುವುದಿಲ್ಲ, ಎಣಿಸುವ ಕೆಲಸ ನಿಮಗೇ ಬರುತ್ತದೆ.

ಇನ್ನು ಮುಖ್ಯವಾದದ್ದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಿಮ್ಮ ಕೂಟ ಎಂದಿಟ್ಟುಕೊಳ್ಳಿ. ಗುರುವಾರ ಸಂಜೆ ನಾಲ್ವರು ಲೀಡರ್‌ಗಳನ್ನು ಮಾತ್ರ ಕರೆದು ಅರ್ಧ ಗಂಟೆ, ಶನಿವಾರ ಅವರು ಕಲಿಸಬೇಕಾದದ್ದನ್ನು ಅವರಿಗೆ ಕಲಿಸಿ. ಇದೊಂದನ್ನು ಬಿಟ್ಟರೆ ಉಳಿದ ಯಾವ ಉಪಾಯವೂ ನಿಲ್ಲುವುದಿಲ್ಲ. ತನಗೇ ಬಾರದ ಗಂಟನ್ನು ಹುಡುಗ ಆರು ಜನರ ಮುಂದೆ ಹೇಗೆ ಹಾಕಿ ತೋರಿಸಿಯಾನು? ಮರ್ಯಾದೆ ಹೋಗುತ್ತದೆಂದು ಸುಮ್ಮನೆ ನಿಂತುಕೊಳ್ಳುತ್ತಾನೆ. ನೀವು ಅದನ್ನು ಸೋಮಾರಿತನ ಎಂದುಕೊಳ್ಳುತ್ತೀರಿ.

ಒಂದೂವರೆ ಗಂಟೆಯ ಕೂಟದಲ್ಲಿ ಧ್ವಜ, ಪ್ರಾರ್ಥನೆ, ತಪಾಸಣೆಗೆ 15 ನಿಮಿಷ. ಉಗುರು, ಸ್ಕಾರ್ಫ್, ಬೂಟು ನೋಡುವವನು ಪೆಟ್ರೋಲ್ ಲೀಡರ್. ನೀವು ಅವನ ಹಿಂದೆ ನಡೆಯಿರಿ. ಓಡಾಟದ ಆಟ 10 ನಿಮಿಷ. ಆಮೇಲೆ 30 ನಿಮಿಷ ಪ್ರತಿ ಪೆಟ್ರೋಲ್ ತನ್ನ ಮೂಲೆಗೆ, ಅಂದರೆ ತನ್ನ ಮರದಡಿಗೆ. ಈ ಅರ್ಧ ಗಂಟೆ ನೀವು ಬಾಯಿ ಬಿಡಬೇಡಿ. ಕಲಿತದ್ದನ್ನೇ ಪರೀಕ್ಷಿಸುವ ಪಂದ್ಯ 20 ನಿಮಿಷ, ಉಳಿದದ್ದು ಹಾಡು, ಸೂಚನೆ, ಧ್ವಜಾವರೋಹಣ.

ತಿಂಗಳಿಗೊಮ್ಮೆ ಕೋರ್ಟ್ ಆಫ್ ಆನರ್ ಸೇರಲಿ. ಹೆಸರು ಕೋರ್ಟ್ ಎಂದಿದ್ದರೂ ಅದು ಲೀಡರ್‌ಗಳ ಸಭೆ: ಮುಂದಿನ ತಿಂಗಳ ಕಾರ್ಯಕ್ರಮ, ಹಣದ ಖರ್ಚು, ಶಿಸ್ತಿನ ವಿಷಯ. ಅಧ್ಯಕ್ಷತೆ ಒಬ್ಬ ಲೀಡರ್‌ನದು, ಸ್ಕೌಟ್ ಮಾಸ್ಟರು ಸಲಹೆಗಾರರು. ಅದಕ್ಕೂ ಮೊದಲು ಪ್ರತಿ ಪೆಟ್ರೋಲ್ ಹತ್ತು ನಿಮಿಷ ಕೂತು ತನ್ನ ಮಾತನ್ನು ಲೀಡರ್‌ಗೆ ಹೇಳಿ ಕಳಿಸಬೇಕು. ಸಭೆಯಲ್ಲಿ ನೀವು ಮೊದಲು ಮಾತಾಡಿದರೆ ಅಲ್ಲಿಗೆ ಮುಗಿಯಿತು, ನಾಲ್ವರೂ ‘ಹೌದು ಸಾರ್’ ಎನ್ನುತ್ತಾರೆ. ಕೊನೆಯಲ್ಲಿ ಮಾತಾಡಿ, ಅಪಾಯವಿದ್ದರೆ ಮಾತ್ರ ತಡೆಯಿರಿ. ಅವರ ತೀರ್ಮಾನ ಸ್ವಲ್ಪ ಪೆದ್ದುಪೆದ್ದಾಗಿದ್ದರೂ ನಡೆಯಲಿ. ಹುಡುಗನೊಬ್ಬನ ನಡತೆ ಬಗ್ಗೆ ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಸ್ಟಾಫ್ ರೂಮಿಗೂ.

ಪ್ರಶ್ನೆ: ಬಿದಿರಿನ ಗೇಟ್ ಕಟ್ಟಿದ್ದೆವು. ಮೊದಲ ದಿನ ಗಟ್ಟಿಯಾಗಿತ್ತು, ಮೂರನೇ ದಿನ ವಾಲಿತು. ಗಂಟು ಸರಿಯಾಗೇ ಹಾಕಿದ್ದೆವು.
— 9ನೇ ತರಗತಿ ಪೆಟ್ರೋಲ್ ಲೀಡರ್, ಮೈಸೂರು

ಉತ್ತರ: ಗಂಟು ಸರಿಯಿದ್ದರೂ ಗೇಟ್ ವಾಲುವುದುಂಟು. ನಿನ್ನ ಬಿದಿರು ಹಸಿಯಾಗಿದ್ದಿರಬೇಕು. ಹಸಿ ಗಳ ಎರಡು ಮೂರು ದಿನದಲ್ಲಿ ಒಣಗಿ ಸಣ್ಣಗಾಗುತ್ತದೆ, ಸುತ್ತಿದ ಹಗ್ಗ ತಾನಾಗಿ ಸಡಿಲವಾಗುತ್ತದೆ. ನೈಲಾನ್ ಹಗ್ಗವಾದರೆ ಇನ್ನೂ ಬೇಗ: ನುಣುಪಿನ ಬಿದಿರಿನ ಮೇಲೆ ಅದು ಜಾರುತ್ತದೆ, ಎಳೆದಷ್ಟೂ ಹಿಗ್ಗುತ್ತದೆ. ತೆಂಗಿನ ನಾರಿನದೋ ಕತ್ತಾಳೆಯದೋ ತಗೊ.

ಐದು ಸೆಂಟಿಮೀಟರ್ ದಪ್ಪದ ಗಳಗಳಿಗೆ ಒಂದು ಸ್ಕ್ವೇರ್ ಲ್ಯಾಶಿಂಗ್‌ಗೆ (ನಿಂತ ಗಳಕ್ಕೆ ಅಡ್ಡ ಗಳವನ್ನು ಹಗ್ಗದಿಂದ ಬಿಗಿಯುವ ಕಟ್ಟು) ಮೂರೂವರೆ ಮೀಟರ್ ಹಗ್ಗ ಬೇಕು. ನಿಂತ ಗಳಕ್ಕೆ, ಅಡ್ಡ ಗಳದ ಕೆಳಗೇ ಕ್ಲೋವ್ ಹಿಚ್ ಗಂಟು ಹಾಕು. ಮಿಕ್ಕ ತುಂಡು ತುದಿಯನ್ನು ಉದ್ದನೆಯ ಹಗ್ಗಕ್ಕೆ ಹೊಸೆದುಬಿಡು. ಎರಡೂ ಗಳ ಸೇರುವ ಕಡೆ ಮೂರು ನಾಲ್ಕು ಸುತ್ತು, ಒಂದರ ಪಕ್ಕ ಒಂದು. ಒಂದರ ಮೇಲೊಂದು ಏರಬಾರದು. ಆಮೇಲೆ ಎರಡು ಗಳಗಳ ನಡುವೆ ಹಗ್ಗ ತೂರಿಸಿ, ಮೊದಲಿನ ಸುತ್ತುಗಳನ್ನೇ ಹಿಸುಕುವಂತೆ ಎರಡು ಮೂರು ಬಿಗಿ ಸುತ್ತು. ಇದೇ ಫ್ರ್ಯಾಪಿಂಗ್. ಲ್ಯಾಶಿಂಗ್‌ನ ಬಲವೆಲ್ಲ ಇಲ್ಲೇ ಇದೆ, ಎಲ್ಲರೂ ಕೈ ಸೋತು ಸಡಿಲ ಬಿಡುವುದೂ ಇಲ್ಲೇ. ಹಗ್ಗವನ್ನು ಒಂದು ಕೋಲಿಗೆ ಸುತ್ತಿಕೊಂಡು ಇಬ್ಬರು ಎಳೆಯಿರಿ. ಕೊನೆಗೆ ಅಡ್ಡ ಗಳಕ್ಕೆ ಕ್ಲೋವ್ ಹಿಚ್.

ಇಷ್ಟಾದರೂ ಬರೀ ಚೌಕ ನಿಲ್ಲುವುದಿಲ್ಲ, ತಳ್ಳಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಎರಡು ಗಳ ಗುಣಾಕಾರದ ಗುರುತಿನಂತೆ ಕೊಟ್ಟು, ಅವು ಸೇರುವ ನಡುಮಧ್ಯೆ ಡಯಾಗನಲ್ ಲ್ಯಾಶಿಂಗ್ ಹಾಕು. ಅದು ಶುರುವಾಗುವುದು ಟಿಂಬರ್ ಹಿಚ್ ಎಂಬ ಗಂಟಿನಿಂದ. ಕಾಲುಗಳು ನೆಲದೊಳಗೆ ಒಂದೂವರೆ ಅಡಿ ಇಳಿದಿರಲಿ. ದಿನಾ ಬೆಳಗ್ಗೆ ಒಬ್ಬ ಎಲ್ಲ ಕಟ್ಟುಗಳನ್ನೂ ಅಲ್ಲಾಡಿಸಿ ನೋಡಬೇಕು ಎಂದು ನಿಮ್ಮ ಪುಸ್ತಕದಲ್ಲಿ ಹೆಸರು ಬರೆದಿಡು.

ಪ್ರಶ್ನೆ: ಸ್ಕೌಟ್ ಧ್ವಜ ಕೆಲವೊಮ್ಮೆ ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳುವುದೇ ಇಲ್ಲ. ಅತಿಥಿಗಳ ಮುಂದೆ ನಾಚಿಕೆ.
— ಗೈಡ್ ಕ್ಯಾಪ್ಟನ್, ಹುಣಸೂರು

ಉತ್ತರ: ಸುತ್ತಿದ ಧ್ವಜದ ಸುರುಳಿಗೆ ಕೆಳಹಗ್ಗವನ್ನು ಎರಡೇ ಸುತ್ತು ಸುತ್ತಿ, ಹಗ್ಗವನ್ನು ಕುಣಿಕೆಯಾಗಿ ಮಡಚಿ ಆ ಕುಣಿಕೆಯನ್ನಷ್ಟೇ ಸುತ್ತಿನಡಿ ಸಿಕ್ಕಿಸಬೇಕು. ತುದಿಯನ್ನೇ ಪೂರ್ತಿ ತೂರಿಸಿದರೆ ಅದು ಗಂಟಾಗುತ್ತದೆ, ಎಳೆದಷ್ಟೂ ಬಿಗಿ. ಹೂವಿನ ಎಸಳು ಒಂದು ಹಿಡಿ ಸಾಕು, ಬುಟ್ಟಿಗಟ್ಟಲೆ ತುಂಬಿದರೆ ಸುರುಳಿ ಉಬ್ಬಿ ಕುಣಿಕೆ ಕಚ್ಚಿಕೊಳ್ಳುತ್ತದೆ. ಒದ್ದೆ ಹಗ್ಗವೂ ಬೇಡ. ಅತಿಥಿ ಬರುವ ಮೊದಲು ಒಮ್ಮೆ ಏರಿಸಿ, ಬಿಚ್ಚಿ, ಇಳಿಸಿ ನೋಡಿ. ಆ ಪರೀಕ್ಷೆಯನ್ನು ಅಂದಿನ ಸೇವಾ ಪೆಟ್ರೋಲ್ ಮಾಡಲಿ.

ಪ್ರಶ್ನೆ: 24 ಮಕ್ಕಳನ್ನು ಒಂದು ದಿನದ ಹೈಕ್‌ಗೆ ಕುಂತಿಬೆಟ್ಟಕ್ಕೆ ಕರೆದೊಯ್ಯಬೇಕು. ಏನೇನು ನೋಡಿಕೊಳ್ಳಬೇಕು?
— ಪಾಂಡವಪುರ

ಉತ್ತರ: ಪೋಷಕರ ಒಪ್ಪಿಗೆ ಪತ್ರ, ಶಾಲೆಯ ಅನುಮತಿ ಲಿಖಿತವಾಗಿರಲಿ. ಒಂದು ವಾರ ಮೊದಲು ಇಬ್ಬರು ಲೀಡರ್‌ಗಳೊಂದಿಗೆ ನೀವೇ ಹತ್ತಿ ಬನ್ನಿ. ಎಲ್ಲಿ ನೆರಳು, ಎಲ್ಲಿ ಬಂಡೆ ಜಾರುತ್ತದೆ ಎಂಬ ನಕ್ಷೆ ಅವರೇ ಬರೆಯಲಿ. ಬೇಸಿಗೆಯಾದರೆ ಆರೂವರೆಗೆ ಹತ್ತಲು ಶುರು ಮಾಡಿ, ಮಳೆ ಬಿದ್ದ ಮರುದಿನ ಹೋಗಬೇಡಿ. ತಲೆಗೆ ಎರಡು ಲೀಟರ್ ನೀರು. ಬುತ್ತಿಗೆ ಪುಳಿಯೋಗರೆಯೋ ಚಪಾತಿ ಚಟ್ನಿಪುಡಿಯೋ ಇರಲಿ. ಮೊಸರನ್ನ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಹುಳಿ ಬರುತ್ತದೆ.

ಮುಂದೆ ಒಬ್ಬ ದೊಡ್ಡವರು, ಕಟ್ಟಕಡೆಯಲ್ಲಿ ಒಬ್ಬರು. ತಲೆ ಎಣಿಕೆ ಲೀಡರ್‌ಗಳದು: ಬುಡದಲ್ಲಿ, ತುದಿಯಲ್ಲಿ, ಮತ್ತೆ ಬುಡದಲ್ಲಿ. 24ನ್ನೂ ಒಬ್ಬರೇ ಎಣಿಸಿದರೆ ಓಡಾಡುವ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ. ಆರಾರು ತಲೆ ಎಣಿಸಿ ಹೇಳಲು ಹತ್ತು ಸೆಕೆಂಡ್ ಸಾಕು. ಬೆಟ್ಟಕ್ಕಿಂತ ನನಗೆ ಹೆದರಿಕೆ ಇಳಿದ ಮೇಲಿನದು. ಬೆವೆತ ಮಕ್ಕಳಿಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕಂಡರೆ ಕಾಲು ತೊಳೆಯುವ ಆಸೆ. ನಾಲೆಯ ಓರೆ ಗೋಡೆ ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ಸೆಳೆತ ಮೇಲಿಂದ ಕಾಣುವುದಿಲ್ಲ. ನಾಲೆ ಏರಿ ಮೇಲೆ ನಿಲ್ಲುವುದೇ ಬೇಡ. ಬೋಲೈನ್ ಕುಣಿಕೆ (ಎಳೆದರೂ ಬಿಗಿಯದ ಕುಣಿಕೆ) ಹಾಕಿದ 15 ಮೀಟರ್ ಹಗ್ಗ ಕೊನೆಯವರ ಚೀಲದಲ್ಲಿರಲಿ. ಯಾರಾದರೂ ಬಿದ್ದರೆ ಹಗ್ಗ ಎಸೆಯಬೇಕು, ಹಿಂದೆಯೇ ಹಾರಬಾರದು. ಇದನ್ನು ಶಾಲೆಯ ಅಂಗಳದಲ್ಲೇ ಎಸೆದು ಅಭ್ಯಾಸ ಮಾಡಿಸಿ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಸ್ಕೌಟ್‌ಗೆ ಸೇರಿಸಬಹುದೆ? ಜಾತ್ರೆಯಲ್ಲಿ ಜನರನ್ನು ತಡೆಯಲು ನಿಲ್ಲಿಸುತ್ತಾರಂತೆ, ಭಯ.
— ತಾಯಿ, ಮೇಲುಕೋಟೆ

ಉತ್ತರ: ಹತ್ತು ತುಂಬುವವರೆಗೆ ಅವನು ಕಬ್, ಹೆಣ್ಣುಮಕ್ಕಳಾದರೆ ಬುಲ್‌ಬುಲ್. ಅಲ್ಲಿ ಆಟ, ಕಥೆಯೇ ಹೆಚ್ಚು. ಹತ್ತರ ಮೇಲೆ ಸ್ಕೌಟ್. ಪ್ರವೇಶದ ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ನಡುವಿನ ಮೆಟ್ಟಿಲು ಹಾರಿಸಿ ಸರ್ಟಿಫಿಕೇಟ್ ಕೊಡಿಸುತ್ತೇವೆ ಎಂದರೆ ನಂಬಬೇಡಿ.

ನಿಮ್ಮ ಭಯ ನ್ಯಾಯವಾದದ್ದೇ. ವೈರಮುಡಿಯಂಥ ರಾತ್ರಿ ಉತ್ಸವದ ನೂಕುನುಗ್ಗಲಲ್ಲಿ ಹಗ್ಗ ಹಿಡಿದು ನಿಲ್ಲುವುದು ಚಿಕ್ಕ ಮಕ್ಕಳ ಕೆಲಸವಲ್ಲ, ಪೊಲೀಸರದು. ಹುಡುಗರಿಗೆ ಹಗಲು ಹೊತ್ತಿನಲ್ಲಿ ನೀರು ಕೊಡುವುದು, ಚಪ್ಪಲಿ ಜಾಗ, ತಪ್ಪಿಸಿಕೊಂಡ ಮಕ್ಕಳ ಮೇಜು ಇವು ಸರಿ. ಅದೂ ಇಬ್ಬಿಬ್ಬರಾಗಿ, ಎರಡು ಗಂಟೆಯ ಪಾಳಿಯಲ್ಲಿ, ಮಾಸ್ಟರ ಕಣ್ಣಳತೆಯಲ್ಲಿ. ಸೇವೆಗೆ ಕರೆದಾಗ ಜಾಗ ಯಾವುದು, ಎಷ್ಟು ಗಂಟೆಗೆ ಬಿಡುತ್ತೀರಿ, ಯಾವ ದೊಡ್ಡವರು ಜೊತೆಗಿರುತ್ತಾರೆ ಎಂದು ಕೇಳಿ. ಈ ಮೂರಕ್ಕೆ ಉತ್ತರ ಸಿಗದಿದ್ದರೆ ಅವತ್ತು ಕಳಿಸಬೇಡಿ.