ಕ್ಯಾಥೋಡ್ ಪ್ಲಸ್ಸಾ, ಮೈನಸ್ಸಾ? ಕೆಮಿಸ್ಟ್ರಿಯ ಕ್ಯಾಥೋಡ್, ಡಯೋಡ್‌ನ ಕ್ಯಾಥೋಡ್ ಎರಡೂ ಒಂದೇನಾ?

ನಿಮ್ಮ ಪ್ರಶ್ನೆ ಇದು: ಎಲೆಕ್ಟ್ರಾಲಿಸಿಸ್ ಪಾಠದಲ್ಲಿ ಕ್ಯಾಥೋಡ್ ಮೈನಸ್ ಎಂದಿದೆ. ಅದೇ ಪುಸ್ತಕದಲ್ಲಿ ಸೆಲ್ ಪಾಠಕ್ಕೆ ಬಂದರೆ ಕ್ಯಾಥೋಡ್ ಪ್ಲಸ್ ಎಂದಿದೆ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತಗೊಂಡರೆ ಬೆಳ್ಳಿ ಗೆರೆ ಇರುವ ಕಡೆ ಕ್ಯಾಥೋಡ್ ಅನ್ನುತ್ತಾರೆ. ಇವೆಲ್ಲ ಒಂದೇ ಕ್ಯಾಥೋಡಾ? ಅಂಕಿ ತೋರಿಸುವ ಕಾಮನ್ ಕ್ಯಾಥೋಡ್ ಡಿಸ್‌ಪ್ಲೇ ಕೊಂಡಿದ್ದೇನೆ, ಅದನ್ನು ಹೇಗೆ ಜೋಡಿಸುವುದು?

ಎಲ್ಲವೂ ಒಂದೇ. ಕ್ಯಾಥೋಡನ್ನು ಪ್ಲಸ್ ಮೈನಸ್ ಜೊತೆ ಗಂಟು ಹಾಕಿ ಬಾಯಿಪಾಠ ಮಾಡುವುದರಿಂದಲೇ ಈ ಗೊಂದಲ ಹುಟ್ಟುವುದು. ಆ ಚಿಹ್ನೆಗಳನ್ನು ಸದ್ಯಕ್ಕೆ ಬದಿಗಿಡಿ. ಹೊರಗಿನ ತಂತಿಯಿಂದ ಎಲೆಕ್ಟ್ರಾನ್‌ಗಳು ಸಾಧನದ ಒಳಗೆ ಹೋಗುವುದು ಯಾವ ಕಡೆಯಿಂದ ಅಂತ ಮಾತ್ರ ಕೇಳಿಕೊಳ್ಳಿ. ಆ ಕಡೆಯೇ ಕ್ಯಾಥೋಡ್. ಎಲೆಕ್ಟ್ರಾನ್‌ಗಳು ತಂತಿಗೆ ವಾಪಸ್ ಬರುವ ಕಡೆ ಆನೋಡ್. ಸರ್ಕ್ಯೂಟ್ ಚಿತ್ರದಲ್ಲಿ ನಾವು ಬಾಣ ಹಾಕಿ ತೋರಿಸುವ ಕರೆಂಟ್, ಎಲೆಕ್ಟ್ರಾನ್ ಹರಿಯುವುದಕ್ಕೆ ಉಲ್ಟಾ ಇರುತ್ತದೆ. ಹಾಗಾಗಿ ಕರೆಂಟ್ ಲೆಕ್ಕದಲ್ಲಿ ಹೇಳಿದರೆ, ಕರೆಂಟ್ ಸಾಧನದಿಂದ ಹೊರಬರುವ ಕಡೆಯೇ ಕ್ಯಾಥೋಡ್. 1834ರಲ್ಲಿ ಮೈಕೆಲ್ ಫ್ಯಾರಡೆ ಈ ಹೆಸರನ್ನು ಬಳಕೆಗೆ ತಂದಾಗ ಎಲೆಕ್ಟ್ರಾನ್ ಅಂತ ಒಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಅವರು ಹೆಸರಿಟ್ಟಿದ್ದು ಕರೆಂಟ್‌ನ ದಿಕ್ಕು ನೋಡಿ.

ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಅವರ ಕೈಗೆ ಡಯೋಡ್ ಕೊಡುವ ಮೊದಲು ಒಂದು ಕೆಮಿಸ್ಟ್ರಿ ಪ್ರಯೋಗ ಮಾಡಿಸುವುದು ನನ್ನ ರೂಢಿ. ಒಂದು ಗಾಜಿನ ಬೀಕರ್‌ನಲ್ಲಿ ನೀರು, ಅದಕ್ಕೆ ಸ್ವಲ್ಪ ಮೈಲುತುತ್ತ. ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಹಾಕುತ್ತಾರಲ್ಲ, ಅದೇ ನೀಲಿ ಹರಳು, ಕಾಪರ್ ಸಲ್ಫೇಟ್. ಇದು ವಿಷ. ಅಡುಗೆಮನೆಯ ಲೋಟ, ಚಮಚ ಮುಟ್ಟಿಸಬೇಡಿ. ನೀರಿನಲ್ಲಿ ಒಂದು ಕಡೆ ದಪ್ಪ ತಾಮ್ರದ ತಂತಿ, ಇನ್ನೊಂದು ಕಡೆ ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ಇಳಿಬಿಡಿ. ಎರಡು ಟಾರ್ಚ್ ಸೆಲ್ ಸಾಲಾಗಿ ಜೋಡಿಸಿ, ಪ್ಲಸ್ ತಾಮ್ರದ ತಂತಿಗೆ, ಮೈನಸ್ ಪೆನ್ಸಿಲ್‌ನ ಮೇಲಿನ ತುದಿಗೆ ಕೊಡಿ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದರೆ ಪೆನ್ಸಿಲ್‌ನ ಕಪ್ಪು ಮೊನೆಗೆ ಕೆಂಪು ಬಣ್ಣದ ತಾಮ್ರ ಹತ್ತಿರುತ್ತದೆ.

ಹೀಗೆ ಹೊರಗಿನಿಂದ ಕರೆಂಟ್ ಕೊಟ್ಟು ರಾಸಾಯನಿಕ ಕ್ರಿಯೆ ಮಾಡಿಸುವುದೇ ಎಲೆಕ್ಟ್ರಾಲಿಸಿಸ್. ಅಲ್ಲಿ ನಡೆದಿದ್ದು ಇಷ್ಟು. ಸೆಲ್‌ನ ಮೈನಸ್ ಕಡೆಯಿಂದ ಎಲೆಕ್ಟ್ರಾನ್‌ಗಳು ತಂತಿಯ ಮೂಲಕ ಪೆನ್ಸಿಲ್ ಕಡ್ಡಿಗೆ ಬಂದವು. ನೀರಿನಲ್ಲಿದ್ದ ಒಂದೊಂದು ತಾಮ್ರದ ಅಯಾನೂ (ಪ್ಲಸ್ ಚಾರ್ಜ್ ಇರುವ ತಾಮ್ರದ ಕಣ) ಎರಡೆರಡು ಎಲೆಕ್ಟ್ರಾನ್ ತೆಗೆದುಕೊಂಡು ಲೋಹವಾಗಿ ಅಲ್ಲೇ ಕೂತಿತು. ಎಲೆಕ್ಟ್ರಾನ್ ಪಡೆಯುವ ಈ ಕ್ರಿಯೆಯನ್ನೇ ಪುಸ್ತಕದಲ್ಲಿ ಅಪಕರ್ಷಣ, ಅಂದರೆ ರಿಡಕ್ಷನ್ ಅನ್ನುವುದು. ಕೆಮಿಸ್ಟ್ರಿಯಲ್ಲಿ ಅಪಕರ್ಷಣ ನಡೆಯುವುದು ಯಾವಾಗಲೂ ಕ್ಯಾಥೋಡ್‌ನಲ್ಲೇ. ಪೆನ್ಸಿಲ್ ಬದಲು ಕಬ್ಬಿಣದ ಮೊಳೆ ಹಾಕುವವರೂ ಇದ್ದಾರೆ. ಅದು ಬೇಡ. ಸೆಲ್ ಜೋಡಿಸದೆ ಸುಮ್ನೆ ಅದ್ದಿದರೂ ಮೊಳೆಗೆ ತಾಮ್ರ ಹತ್ತುತ್ತದೆ, ಯಾಕೆಂದರೆ ಕಬ್ಬಿಣವೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆಗ ಕ್ಯಾಥೋಡ್ ಏನು ಮಾಡಿತು ಅನ್ನುವುದು ಕಾಣುವುದೇ ಇಲ್ಲ.

ಈಗ ಡೇನಿಯಲ್ ಸೆಲ್‌ಗೆ ಬನ್ನಿ, 1836ರದ್ದು. ಸತುವಿನ ಪಟ್ಟಿ ಸತುವಿನ ಸಲ್ಫೇಟ್‌ನಲ್ಲಿ, ತಾಮ್ರದ ಪಟ್ಟಿ ಅದೇ ಮೈಲುತುತ್ತದ ನೀರಿನಲ್ಲಿ. ಎರಡು ದ್ರಾವಣಗಳ ಮಧ್ಯೆ ಸಣ್ಣ ರಂಧ್ರಗಳಿರುವ ಮಣ್ಣಿನ ಗೋಡೆ. ಸತು ಕರಗುತ್ತಾ ಎಲೆಕ್ಟ್ರಾನ್ ಬಿಡುತ್ತದೆ. ಅವು ಹೊರಗಿನ ತಂತಿಯಲ್ಲಿ ಹರಿದು ತಾಮ್ರದ ಪಟ್ಟಿಗೆ ಬಂದು ಸೆಲ್ ಒಳಗೆ ಹೋಗುತ್ತವೆ. ಅಲ್ಲಿ ತಾಮ್ರದ ಅಯಾನು ಅವನ್ನು ತೆಗೆದುಕೊಂಡು ಪಟ್ಟಿಯ ಮೇಲೆ ಕೂರುತ್ತದೆ. ಪೆನ್ಸಿಲ್ ಮೇಲೆ ಆದದ್ದೂ ಇದೇ ಅಲ್ವಾ? ಹಾಗಾಗಿ ತಾಮ್ರವೇ ಕ್ಯಾಥೋಡ್. ಆದರೆ ಮೀಟರ್ ಹಿಡಿದರೆ ತಾಮ್ರದ ಕಡೆ ಪ್ಲಸ್ ತೋರಿಸುತ್ತದೆ, ಸುಮಾರು 1.1 ವೋಲ್ಟ್.

ಚಿಹ್ನೆ ಯಾಕೆ ತಿರುಗಿತು? ಮೊದಲನೆಯದರಲ್ಲಿ ಟಾರ್ಚ್ ಸೆಲ್ ಹೊರಗಿನಿಂದ ಎಲೆಕ್ಟ್ರಾನ್‌ಗಳನ್ನು ಬಲವಂತವಾಗಿ ಕ್ಯಾಥೋಡ್‌ಗೆ ತಳ್ಳುತ್ತಿತ್ತು. ಅಲ್ಲಿ ಎಲೆಕ್ಟ್ರಾನ್ ಜಾಸ್ತಿ, ಅದಕ್ಕೇ ಮೈನಸ್. ಎರಡನೆಯದರಲ್ಲಿ ತಳ್ಳುವವರು ಯಾರೂ ಇಲ್ಲ. ಕ್ಯಾಥೋಡ್‌ನಲ್ಲಿ ನಡೆಯುವ ಕ್ರಿಯೆಯೇ ಎಲೆಕ್ಟ್ರಾನ್‌ಗಳನ್ನು ಎಳೆದು ಖರ್ಚು ಮಾಡುತ್ತಿದೆ. ಅಲ್ಲಿ ಎಲೆಕ್ಟ್ರಾನ್ ಕೊರತೆ, ಅದಕ್ಕೇ ಪ್ಲಸ್. ಎಲೆಕ್ಟ್ರಾನ್ ಒಳಗೆ ಹೋಗುವುದು ಮಾತ್ರ ಎರಡರಲ್ಲೂ ಕ್ಯಾಥೋಡ್‌ನಿಂದಲೇ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮೊದಲು ಅಪಕರ್ಷಣ ಎಲ್ಲಿ ಎಂದು ಬರೆಯಿರಿ, ಚಿಹ್ನೆಯನ್ನು ಆಮೇಲೆ ಬರೆಯಿರಿ.

ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ಪ್ಲಸ್ ಟರ್ಮಿನಲ್ ಯಾವಾಗಲೂ ಪ್ಲಸ್ಸೇ. ಕರೆಂಟ್ ಹೋಗಿ ಬ್ಯಾಟರಿ ಕೆಲಸ ಮಾಡುವಾಗ ಪ್ಲಸ್ ಕಡೆಯ ಲೆಡ್ ಡೈಆಕ್ಸೈಡ್ ಪ್ಲೇಟ್ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಆಗ ಅದು ಕ್ಯಾಥೋಡ್. ಕರೆಂಟ್ ಬಂದು ಚಾರ್ಜ್ ಆಗುವಾಗ ಅದೇ ಪ್ಲೇಟ್‌ನಿಂದ ಎಲೆಕ್ಟ್ರಾನ್ ಹೊರಗೆ ಬರುತ್ತದೆ, ಆಗ ಅದು ಆನೋಡ್. ನಿಯಮದ ಪ್ರಕಾರ ಹೀಗೆ. ಲಿಥಿಯಂ ಬ್ಯಾಟರಿ ಮಾಡುವವರು ಮಾತ್ರ ಈ ತಿರುಗಾಟ ಬೇಡ ಎಂದು, ಡಿಸ್ಚಾರ್ಜ್ ಆಗುವಾಗಿನ ಹೆಸರನ್ನೇ ಖಾಯಂ ಮಾಡಿಕೊಂಡಿದ್ದಾರೆ. 1980ರಲ್ಲಿ ಜಾನ್ ಗುಡ್‌ಇನಫ್ ತಂಡ ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಈ ಅರ್ಥದಲ್ಲೇ ಕ್ಯಾಥೋಡ್. ಆ ಸಾಲಿನ ಕೆಲಸಕ್ಕೆ 2019ರಲ್ಲಿ ಅವರಿಗೂ ಇನ್ನಿಬ್ಬರಿಗೂ ಕೆಮಿಸ್ಟ್ರಿ ನೊಬೆಲ್ ಬಂತು. ಈಗ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಕೇಳುತ್ತೀರಲ್ಲ, ಅವು ಕ್ಯಾಥೋಡ್‌ನಲ್ಲಿ ಹಾಕಿರುವ ವಸ್ತುವಿನ ಹೆಸರುಗಳೇ.

ಇನ್ನು ಎಲೆಕ್ಟ್ರಾನಿಕ್ಸ್. ಡಯೋಡ್ ಒಳಗೆ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ, ಹಾಗಾಗಿ ಅಪಕರ್ಷಣದ ಮಾತು ಇಲ್ಲಿ ನಡೆಯುವುದಿಲ್ಲ. ಎಲೆಕ್ಟ್ರಾನ್ ಒಳಗೆ ಹೋಗುವ ಕಡೆ ಅನ್ನುವ ಮಾತು ನಡೆಯುತ್ತದೆ. ಒಂದು 4007 ಡಯೋಡ್ ಕೈಯಲ್ಲಿ ಹಿಡಿಯಿರಿ. ಕಪ್ಪು ಮೈ, ಒಂದು ತುದಿಯಲ್ಲಿ ಬೆಳ್ಳಿ ಗೆರೆ. ಸರ್ಕ್ಯೂಟ್ ಚಿತ್ರದಲ್ಲಿ ತ್ರಿಕೋನದ ಮೂತಿಗೆ ಅಡ್ಡವಾಗಿರುವ ಗೆರೆಯೇ ಅದು. ಡಯೋಡ್ ಕರೆಂಟ್ ಬಿಡುವಾಗ ಎಲೆಕ್ಟ್ರಾನ್‌ಗಳು ಗೆರೆ ಇರುವ ಕಾಲಿನಿಂದ ಒಳಗೆ ನುಗ್ಗುತ್ತವೆ. ಅದು ಎನ್ ಭಾಗ, ಅಂದರೆ ಡಯೋಡ್‌ನಲ್ಲಿ ಓಡಾಡುವ ಎಲೆಕ್ಟ್ರಾನ್ ಹೆಚ್ಚಿರುವ ಭಾಗ, ಅದೇ ಕ್ಯಾಥೋಡ್. ಎಲ್‌ಇಡಿಯಲ್ಲಿ ಗಿಡ್ಡ ಕಾಲು ಕ್ಯಾಥೋಡ್. ಕಾಲು ಕತ್ತರಿಸಿದ್ದರೆ ಬುಡದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚಪ್ಪಟೆ ಇರುವ ಕಡೆ ಕ್ಯಾಥೋಡ್. ಡಿಜಿಟಲ್ ಮೀಟರನ್ನು ಡಯೋಡ್ ಗುರುತಿನ ಮೇಲೆ ಇಟ್ಟು, ಕಪ್ಪು ಪ್ರೋಬ್ ಕ್ಯಾಥೋಡ್‌ಗೆ, ಕೆಂಪು ಆನೋಡ್‌ಗೆ ಹಿಡಿದರೆ ರೀಡಿಂಗ್ ಬರುತ್ತದೆ. ಹಳೆಯ ಮುಳ್ಳಿನ ಮೀಟರ್ ಇದ್ದರೆ ಹುಷಾರು. ಅವುಗಳಲ್ಲಿ ಹೆಚ್ಚಿನವು ಓಮ್ಸ್ ರೇಂಜ್‌ನಲ್ಲಿ ಕಪ್ಪು ಪ್ರೋಬ್‌ನಿಂದಲೇ ಪ್ಲಸ್ ಕೊಡುತ್ತವೆ, ಎಲ್ಲ ಉಲ್ಟಾ ಕಾಣುತ್ತದೆ.

ಝೀನರ್ ಡಯೋಡ್ ಹೊಸಬರನ್ನು ಮತ್ತೆ ಕಾಡುತ್ತದೆ. ವೋಲ್ಟೇಜನ್ನು ಒಂದು ಮಟ್ಟದಲ್ಲಿ ನಿಲ್ಲಿಸಲು ಅದನ್ನು ಬೇಕಂತಲೇ ಉಲ್ಟಾ ಜೋಡಿಸುತ್ತೇವೆ, ಕ್ಯಾಥೋಡ್ ಪ್ಲಸ್ ಕಡೆಗೆ. ಆಗ ಎಲೆಕ್ಟ್ರಾನ್ ಒಳಗೆ ಹೋಗುವುದು ಆನೋಡ್‌ನಿಂದ. ಆದರೂ ಹೆಸರು ಬದಲಾಗುವುದಿಲ್ಲ. ಡಯೋಡ್‌ಗಳಿಗೆ ಹೆಸರಿಡುವುದು ನೇರ ದಿಕ್ಕಿನಲ್ಲಿ ಕರೆಂಟ್ ಹೋಗುವಾಗ ಯಾವ ಕಾಲು ಏನು ಮಾಡುತ್ತದೆ ಎಂದು ನೋಡಿ. ಲಿಥಿಯಂ ಬ್ಯಾಟರಿಯವರು ಮಾಡಿದ್ದೂ ಇಂಥದ್ದೇ.

ನನಗೆ ತುಂಬಾ ಇಷ್ಟವಾದ ಕ್ಯಾಥೋಡ್ ಎಂದರೆ ಹಳೆಯ ಡಬ್ಬ ಟಿವಿಯದು. ಪಿಕ್ಚರ್ ಟ್ಯೂಬ್‌ನ ಕತ್ತಿನ ಒಳಗೆ ಕೆಂಪಗೆ ಮಿಣುಕುವ ಹೀಟರ್ ಕಾಣುತ್ತದಲ್ಲ, ಅದು ಕಾಯಿಸುವುದು ಕ್ಯಾಥೋಡನ್ನೇ. ಅದರ ಮೇಲೆ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡ್‌ಗಳ ತೆಳು ಲೇಪ ಇರುತ್ತದೆ. ಕಾದ ಲೇಪದಿಂದ ಎಲೆಕ್ಟ್ರಾನ್‌ಗಳು ನಿರ್ವಾತಕ್ಕೆ ಚಿಮ್ಮುತ್ತವೆ. ಚಿಮ್ಮಿದಷ್ಟನ್ನು ಹೊರಗಿನ ತಂತಿ ತುಂಬಿಕೊಡುತ್ತಲೇ ಇರುತ್ತದೆ. ಪರದೆಯ ಕಡೆ ಆನೋಡ್, ಕಲರ್ ಟಿವಿಯಲ್ಲಿ ಸುಮಾರು 25,000 ವೋಲ್ಟ್. ಟ್ಯೂಬ್‌ನ ಬದಿಗೆ ರಬ್ಬರ್ ಟೊಪ್ಪಿಯ ದಪ್ಪ ವೈರ್ ಬರುವುದು ಅದಕ್ಕೇ. ಟಿವಿ ಆಫ್ ಮಾಡಿದ ಮೇಲೂ ಅಲ್ಲಿ ಚಾರ್ಜ್ ಉಳಿದಿರುತ್ತದೆ, ತಿಳಿಯದವರು ಕೈ ಹಾಕಬಾರದು. ಕಲರ್ ಟ್ಯೂಬ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಕ್ಯಾಥೋಡ್. ವರ್ಷಗಟ್ಟಲೆ ಉರಿದು ಲೇಪ ಸೋತ ಮೇಲೆ ಚಿತ್ರ ಮಂಕಾಗುತ್ತದೆ, ಒಂದೇ ಸೋತರೆ ಆ ಬಣ್ಣ ಮಾತ್ರ ಕಡಿಮೆಯಾಗುತ್ತದೆ. ರಿಪೇರಿಯವರು ‘ಟ್ಯೂಬ್ ವೀಕ್ ಆಗಿದೆ’ ಎನ್ನುತ್ತಿದ್ದುದು ಇದನ್ನೇ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದದ್ದೂ ಗಾಜಿನ ಕೊಳವೆಯಲ್ಲಿ ಕ್ಯಾಥೋಡ್‌ನಿಂದ ಹೊರಟ ಕಿರಣಗಳನ್ನು ಪರೀಕ್ಷಿಸಿ.

ಬಾತ್‌ರೂಮ್‌ನ ಗೀಸರ್‌ನಲ್ಲೂ ಒಂದು ಕ್ಯಾಥೋಡ್ ಇದೆ. ಅನೇಕ ಸ್ಟೋರೇಜ್ ಗೀಸರ್‌ಗಳ ಟ್ಯಾಂಕ್ ಒಳಗೆ ಮೆಗ್ನೀಷಿಯಂ ರಾಡ್ ಇರುತ್ತದೆ. ಅದು ಆನೋಡ್ ಆಗಿ ತಾನು ಸವೆದು ಎಲೆಕ್ಟ್ರಾನ್ ಕೊಡುತ್ತದೆ, ಟ್ಯಾಂಕಿನ ಉಕ್ಕು ಕ್ಯಾಥೋಡ್ ಆಗಿ ತುಕ್ಕಿನಿಂದ ಉಳಿಯುತ್ತದೆ. ಉಪ್ಪಿನಂಶ ಜಾಸ್ತಿ ಇರುವ ಬೋರ್‌ವೆಲ್ ನೀರಾದರೆ ರಾಡ್ ಬೇಗ ಸವೆಯುತ್ತದೆ. ಸರ್ವಿಸ್‌ಗೆ ಬಂದವರಿಗೆ ಅದನ್ನು ಬಿಚ್ಚಿ ತೋರಿಸಲು ಹೇಳಿ.

ನಿಮ್ಮ ಡಿಸ್‌ಪ್ಲೇ ವಿಷಯ. ಕಾಮನ್ ಕ್ಯಾಥೋಡ್ ಅಂದರೆ ಏಳು ಗೆರೆಗಳ ಎಲ್‌ಇಡಿಗಳ ಕ್ಯಾಥೋಡ್‌ಗಳನ್ನೆಲ್ಲ ಒಳಗೇ ಸೇರಿಸಿ ಒಂದು ಕಾಲಾಗಿ ಹೊರಗೆ ತೆಗೆದಿದ್ದಾರೆ. ಸಾಮಾನ್ಯವಾಗಿ ಹತ್ತು ಕಾಲಿನ ಸಿಂಗಲ್ ಡಿಸ್‌ಪ್ಲೇಯಲ್ಲಿ ಮೇಲಿನ ಸಾಲಿನ ಮಧ್ಯದ ಕಾಲು, ಕೆಳಗಿನ ಸಾಲಿನ ಮಧ್ಯದ ಕಾಲು ಎರಡೂ ಅದೇ. ಅದನ್ನು ಗ್ರೌಂಡ್‌ಗೆ ಕೊಡಿ. ಉಳಿದ ಒಂದೊಂದು ಕಾಲಿಗೂ ಬೇರೆ ಬೇರೆ 330 ಓಮ್ ರೆಸಿಸ್ಟರ್ ಹಾಕಿ 5 ವೋಲ್ಟ್ ಕೊಡಿ. ಎಲ್ಲದಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ 1 ಜಾಸ್ತಿ ಬೆಳಗುತ್ತದೆ, 8 ಮಂಕಾಗುತ್ತದೆ. ಯಾವ ಗೆರೆಯೂ ಹತ್ತದಿದ್ದರೆ ಅಂಗಡಿಯವರು ಕಾಮನ್ ಆನೋಡ್ ಕೊಟ್ಟಿರಬಹುದು. ರೆಸಿಸ್ಟರ್‌ಗಳನ್ನು ಹಾಗೇ ಇಟ್ಟು, ಮಧ್ಯದ ಕಾಲಿಗೆ 5 ವೋಲ್ಟ್, ಉಳಿದವಕ್ಕೆ ಗ್ರೌಂಡ್ ಕೊಟ್ಟು ನೋಡಿ.