ಹಳ್ಳದ ದಂಡೆಯ ಹಾಳೂರು ಎಲ್ಲಿ ಹೋಯಿತು?

ಓದುಗರ ಪತ್ರ: ನಮ್ಮದು ಮಸ್ಕಿ ಹಳ್ಳದ ದಂಡೆಯ ಹೊಲ. ಹರಗುವಾಗ ಮಡಕೆ ಚೂರು ಏಳುತ್ತವೆ. ದಾಖಲೆಯಲ್ಲಿ ಅಲ್ಲೊಂದು ಊರಿನ ಹೆಸರಿದೆ, ಊರಿಲ್ಲ, ಒಂದು ಗೋಡೆಯೂ ಇಲ್ಲ. ಪ್ಲೇಗು ಬಂದು ಎಲ್ಲರೂ ಸತ್ತರು ಅನ್ನುತ್ತಾರೆ ಹಿರಿಯರು. ನಿಜವೇ?

ಸಂಪಾದಕರ ಉತ್ತರ: ಎಲ್ಲರೂ ಸತ್ತಿದ್ದರೆ ಈ ಕಥೆ ಹೇಳಲು ಉಳಿದವರು ಯಾರು, ಅಲ್ವಾ? ಪ್ಲೇಗು 1896ರಲ್ಲಿ ಮುಂಬೈಗೆ ಬಂತು, 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರು ಮುಟ್ಟಿತು. ಇಲಿ ಸತ್ತು ಬಿದ್ದ ಕೂಡಲೇ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಜಾಸ್ತಿ ಜನ ವಾಪಸ್ ಬಂದರು, ಕೆಲವರು ಇದ್ದಲ್ಲೇ ಊರು ಕಟ್ಟಿಕೊಂಡರು. ಅದಕ್ಕೂ ಮೊದಲು 1876–78ರ ಬರ ಊರುಗಳನ್ನು ಖಾಲಿ ಮಾಡಿತ್ತು. ಕಂದಾಯದವರು ಇಂಥವನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಗಡಿ, ಸರ್ವೆ ನಂಬರ್ ಎಲ್ಲ ಇರುತ್ತದೆ, ಒಲೆ ಹಚ್ಚುವವರು ಮಾತ್ರ ಇರುವುದಿಲ್ಲ.

ಗೋಡೆ ಯಾಕಿಲ್ಲ ಅಂದರೆ, ನಿಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು. ಊರು ಬಿಡುವವರು ತೊಲೆ, ಜಂತಿ, ಬಾಗಿಲು ಕಿತ್ತು ಗಾಡಿಗೆ ಹೇರುತ್ತಾರೆ. ಆಲಮಟ್ಟಿ ಮುಳುಗಡೆಯವರೂ ಹೀಗೇ ಮಾಡಿದರು. ಉಳಿದ ಗೋಡೆ ನಾಲ್ಕು ಮಳೆಗಾಲಕ್ಕೆ ದಿಬ್ಬ.

ಆದರೆ ನಿಮ್ಮ ಹಳ್ಳದ ಲೆಕ್ಕದಲ್ಲಿ ಪ್ಲೇಗು ನಿನ್ನೆ ಮೊನ್ನೆಯದು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್‌ಗೆ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲೇ ಅಗೆಸಿದರು. ಅಶೋಕನಿಗಿಂತ ಎಷ್ಟೋ ಹಳೆಯ ಊರು ಕೆಳಗಿತ್ತು. ಮೊದಲು ಕಲ್ಲಿನ ಕೊಡಲಿಯವರು, ಆಮೇಲೆ ಕಬ್ಬಿಣದವರು, ಆಮೇಲೆ ಇನ್ನೂ ಈಚಿನವರು. ಹಳ್ಳದ ನೀರು ನಂಬಿ ಬಂದರು, ಹೋದರು, ಮತ್ತೆ ಬೇರೆಯವರು ಬಂದರು.

ಹಾಗಾಗಿ ನಿಮ್ಮ ಊರು ಯಾವ ಕಾಲದ್ದು ಅಂತ ಚೂರನ್ನೇ ಕೇಳಬೇಕು. ಒಂದನ್ನು ತೊಳೆದು ನೋಡಿ. ಹೊರಮೈ ಕೆಂಪು, ಒಳಮೈ ಮತ್ತು ಬಾಯಂಚು ಕಪ್ಪು ಇದೆಯಾ? ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಕಡೆ ಹಾಗೆ ಕಪ್ಪಾಗುತ್ತದೆ. ಕಬ್ಬಿಣದ ಕಾಲದವರ ಮಡಕೆ ಹೀಗಿರುತ್ತಿತ್ತು. ಉಜ್ಜಿ ನಯ ಮಾಡಿದ ಬೂದು ಬಣ್ಣದ್ದಾದರೆ ಇನ್ನೂ ಹಳೆಯದಿರಬಹುದು. ಮಂಗಳೂರು ಹೆಂಚಿನ ತುಂಡೂ ಸಿಕ್ಕರೆ ಹಿರಿಯರ ಪ್ಲೇಗಿನ ಮಾತಿಗೆ ಸ್ವಲ್ಪ ಬಲ ಬಂತು. ಆ ಹೆಂಚು 1865ರ ಮೇಲಿನದು.

ನಿಧಿ ಇದೆ ಅಂತ ಯಾರಾದರೂ ಗುದ್ದಲಿ ಹಿಡಿದು ಬಂದರೆ ಸುಮ್ನೆ ವಾಪಸ್ ಕಳಿಸಿ. ಮಣ್ಣಿನ ಪದರ ಕೆಟ್ಟರೆ ಯಾವ ಚೂರು ಯಾರದ್ದು ಅಂತ ಆಮೇಲೆ ಯಾರೂ ಹೇಳಲಾರರು. ಹರಗಿದಾಗ ಮೇಲೆ ಬಂದದ್ದರ ಫೋಟೊ ಕಳಿಸಿ, ಒಳಮೈ ಹೊರಮೈ ಎರಡೂ ಕಾಣಲಿ. ಅಳತೆ ತಿಳಿಯಲು ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಡಿ.